ತಪಸ್ಸುಕಾಲಕ್ಕೆ ಕೂಡಿ ಬನ್ನಿ



2026ರ ವಿಭೂತಿ ಬುಧವಾರ ಫೆಬ್ರವರಿ 18ಕ್ಕೆ ಬಂದಿದೆ. ಅವತ್ತು ನೀವು ಚರ್ಚಿಗೆ ಬರಬೇಕು. ಬಂದು ಎಲ್ಲರ ಸಾಲಿನಲ್ಲಿ ನಿಂತು ಹಣೆಗೆ ಬೂದಿ ಹಚ್ಚಿಸಿಕೊಳ್ಳಬೇಕು. ಅಲ್ಲಿಂದ ಪಾಸ್ಖ ಹಬ್ಬದವರೆಗಿನ ದಿನಗಳನ್ನು ಆದಷ್ಟು ಕೂಡಿ ಕಳೆಯಬೇಕು. ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಯಾಕೆ, ಹೇಗೆ ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ವಾರವಿಡೀ ಶಾಲೆಯಲ್ಲಿ ಅಕ್ಕೋರಾಗಿದ್ದವಳು, ಭಾನುವಾರ ಧರ್ಮೋಪದೇಶದ ತರಗತಿಯಲ್ಲೂ ಅಕ್ಕೋರೇ ಆಗಿದ್ದೆ. ನಿಮ್ಮಲ್ಲಿ ಅನೇಕರ ಪುಟ್ಟ ಕೈ ಹಿಡಿದು ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದ್ದೇನೆ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

“ಅಕ್ಕೋರೆ, ಮೊಬೈಲಿನ್ಯಾಗ ಪೂಜಿ ನೋಡ್ತೀವಲ್ಲ, ಸಾಲೂದಿಲ್ಲೇನು?” ಎಂದು ಕೆಲವರು ಕೇಳಿದ್ದೀರಿ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಚರ್ಚಿನ ಬಾಗಿಲಿಗೆ ಬೀಗ ಬಿತ್ತು. ಆ ವರ್ಷದ ಗರಿಗಳ ಭಾನುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಪಾಸ್ಖ ಎಲ್ಲವೂ ಮನೆಯ ನಾಲ್ಕು ಗೋಡೆಯೊಳಗೆ ಮುಗಿದವು. ಮರುವರ್ಷ ಬೂದಿ ಹಚ್ಚುವ ರೀತಿಯೇ ಬದಲಾಯಿತು. ಗುರುಗಳು ಹೇಳಬೇಕಾದ ಮಾತನ್ನು ಎಲ್ಲರಿಗೂ ಸೇರಿಸಿ ಒಮ್ಮೆ ಹೇಳಿ, ಕೈ ತೊಳೆದು, ಮಾಸ್ಕ್ ಹಾಕಿಕೊಂಡು, ಒಬ್ಬೊಬ್ಬರ ನೆತ್ತಿಯ ಮೇಲೆ ಮಾತಿಲ್ಲದೆ ಬೂದಿ ಉದುರಿಸಬೇಕೆಂದು 2021ರ ಜನವರಿಯಲ್ಲಿ ರೋಮಿನಿಂದ ಸೂಚನೆ ಬಂದಿತ್ತು. ಆ ದಿನಗಳಲ್ಲಿ ಮೊಬೈಲ್ ನಮ್ಮನ್ನು ಕಾಪಾಡಿತು. ಹಾಸಿಗೆ ಹಿಡಿದ ಅಜ್ಜ ಅಜ್ಜಿಯರಿಗೆ ಇವತ್ತಿಗೂ ಅದೇ ಆಸರೆ. ಆದರೆ ನಿಮ್ಮ ಕೈಕಾಲು ಗಟ್ಟಿಯಿವೆ, ಬಾಗಿಲು ತೆರೆದಿದೆ. ಬೂದಿಯನ್ನು ಯಾರೂ ತಮಗೆ ತಾವೇ ಹಚ್ಚಿಕೊಳ್ಳುವುದಿಲ್ಲ, ಇನ್ನೊಬ್ಬರ ಹೆಬ್ಬೆರಳು ಬಂದು ಹಣೆಗೆ ತಾಗಬೇಕು. ಪರಮಪ್ರಸಾದವೂ ಇನ್ನೊಬ್ಬರ ಕೈಯಿಂದಲೇ ನಮ್ಮ ಕೈಗೆ ಬರಬೇಕು. ಪರದೆಯ ಮುಂದೆ ಕುಳಿತವರಿಗೆ ಇವೆರಡೂ ಸಿಗುವುದಿಲ್ಲ.

ಇನ್ನೂ ಒಂದು ಕಾರಣ ನಮ್ಮ ಊರಿಗೇ ಸೇರಿದ್ದು. ಮಂಗಳೂರಿನ, ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ಹತ್ತು ಮಂದಿ ಬರದಿದ್ದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ವಿಜಯಪುರದಲ್ಲಿ ಹಾಗಿಲ್ಲ. ಇದು ಗೋಳಗುಮ್ಮಟದ, ಜಾಮಿಯಾ ಮಸೀದಿಯ, ಸಿದ್ಧೇಶ್ವರ ಗುಡಿಯ ಊರು. ಸಂಕ್ರಮಣಕ್ಕೆ ಜಾತ್ರೆ ನೆರೆದಾಗ, ರಂಜಾನಿನಲ್ಲಿ ಪೇಟೆ ಬೆಳಗಿದಾಗ ನಾವು ಎಷ್ಟು ಸಣ್ಣ ಗುಂಪೆಂದು ಕಣ್ಣಿಗೆ ಕಾಣುತ್ತದೆ. ಸಣ್ಣ ಗುಂಪಿನಲ್ಲಿ ಒಬ್ಬಳು ಬರದಿದ್ದರೆ ಮೊದಲನೇ ವಾಚನ ಓದುವವರಿಲ್ಲ, ಇನ್ನೊಬ್ಬ ಬರದಿದ್ದರೆ ಹಾಡು ಎತ್ತುವವರಿಲ್ಲ. ಹಿಂದಿನ ಬೆಂಚಿನ ಅಜ್ಜಿ ನಿಮ್ಮ ದನಿ ಕೇಳಿದ ಮೇಲೆಯೇ ತನ್ನ ದನಿ ಸೇರಿಸುತ್ತಾಳೆ. ನೀವು ಬರುವುದು ನಿಮ್ಮೊಬ್ಬರ ಭಕ್ತಿಗೆ ಸಂಬಂಧಿಸಿದ ಮಾತು ಮಾತ್ರ ಎಂದು ತಿಳಿಯಬೇಡಿ.

ನಮ್ಮ ಬೆಂಚುಗಳಲ್ಲಿ ಯಾರ್ಯಾರು ಕೂರುತ್ತಾರೆ, ಒಮ್ಮೆ ಗಮನಿಸಿ. ಮನೆಯಲ್ಲಿ ಕೊಂಕಣಿ ಆಡುವ ಕರಾವಳಿಯವರು, ಮಲಯಾಳಿ ನರ್ಸುಗಳು, ತಮಿಳು, ತೆಲುಗಿನ ಕುಟುಂಬಗಳು, ಸೈನಿಕ ಶಾಲೆಗೋ ಬ್ಯಾಂಕಿಗೋ ರೈಲ್ವೆಗೋ ವರ್ಗವಾಗಿ ಬಂದವರು, ಅವರ ಜೊತೆ ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡ ಮನೆಗಳವರು. ಇಷ್ಟು ಮಂದಿಯನ್ನು ಒಂದೇ ದನಿಯಲ್ಲಿ ಪ್ರಾರ್ಥಿಸುವಂತೆ ಮಾಡಿರುವುದು ಕನ್ನಡ. ನನ್ನ ತಾಯಿಯ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿತ್ತು, ಗುರುಗಳ ಬೆನ್ನು ನಮ್ಮ ಕಡೆಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಯ ಕುರಿತ ತೀರ್ಮಾನವನ್ನು ಹೊರಡಿಸಿದ ಮೇಲೆ ಜನರ ಭಾಷೆ ಬಲಿಪೀಠದ ತನಕ ಬಂತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಿಮ್ಮಲ್ಲಿ ಕೆಲವರಿಗೆ ಕನ್ನಡ ಪ್ರಾರ್ಥನೆ ಬಾಯಿಗೆ ಹತ್ತಿಲ್ಲ ಎಂದು ಬಲ್ಲೆ. ಈ ತಪಸ್ಸುಕಾಲದಲ್ಲಿ ಅದನ್ನು ಕಲಿತುಬಿಡಿ. ವಿಶ್ವಾಸ ಸಂಗ್ರಹ, ಪಶ್ಚಾತ್ತಾಪದ ಪ್ರಾರ್ಥನೆ, ಶಿಲುಬೆಹಾದಿಯ ಪ್ರತ್ಯುತ್ತರಗಳು, ಇಷ್ಟು ಬಂದರೆ ಸಾಕು. ಅಜ್ಜಿಯ ಪಕ್ಕ ಕೂತು ಹೇಳಿಸಿಕೊಂಡರೆ ಅಜ್ಜಿಗೂ ಸಂತೋಷವಾಗುತ್ತದೆ.

ಸಣ್ಣ ಗುಂಪೆಂದು ಕುಗ್ಗಬೇಕಾಗಿಲ್ಲ. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹ ಇನ್ನೂ ಆಳುತ್ತಿದ್ದಾಗಲೇ, 1637ರಲ್ಲಿ, ಆದಿಲ್ ಶಾಹಿ ಸೀಮೆಗೆಂದು ರೋಮ್ ಒಬ್ಬ ಬಿಷಪ್ಪರನ್ನು ನೇಮಿಸಿತ್ತು. ಅವರು ಗೋವೆಯ ದಿವಾಡಿಯಲ್ಲಿ ಹುಟ್ಟಿದ ಮಾತೆಯುಸ್ ದೆ ಕಾಸ್ತ್ರೊ, ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಬಿಷಪ್. ಪೋರ್ಚುಗೀಸರು ಅವರನ್ನು ಒಪ್ಪಲಿಲ್ಲ. ಅವರು ಆಗ ಆದಿಲ್ ಶಾಹಿಗೆ ಸೇರಿದ್ದ ಬಿಚೋಲಿಯಲ್ಲಿ ನೆಲೆನಿಂತರು. ಮುದಗಲ್ಲಿನ ಕನ್ನಡ ಕಥೋಲಿಕರ ಸಭೆಯೂ ಆದಿಲ್ ಶಾಹಿ ಕಾಲದ್ದೇ. ಆಮೇಲೆ ಬಾಸೆಲ್ ಮಿಷನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳನ್ನು ದಾಟಿ 1885ರಲ್ಲಿ ವಿಜಯಪುರಕ್ಕೆ ಬಂದರು. ಜಿಲ್ಲೆಯ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂದದ್ದೂ ಅದೇ ಹೊತ್ತಿನಲ್ಲಿ. ನಮ್ಮ ಸಿಎಸ್‌ಐ ಬಂಧುಗಳ ಬೇರು ಅಲ್ಲಿದೆ. ನಾವು ಕಥೋಲಿಕರು ಈಗ ಸೇರಿರುವ ಗುಲ್ಬರ್ಗ ಧರ್ಮಪ್ರಾಂತ್ಯ ಹುಟ್ಟಿದ್ದು 2005ರ ಜೂನ್ 24ರಂದು, ರಾಬರ್ಟ್ ಮೈಕಲ್ ಮಿರಾಂದ ಅದರ ಮೊದಲ ಧರ್ಮಾಧ್ಯಕ್ಷರು. ಅಂದರೆ ನಿಮ್ಮಲ್ಲಿ ಹಲವರಿಗಿಂತ ನಮ್ಮ ಧರ್ಮಪ್ರಾಂತ್ಯವೇ ಚಿಕ್ಕದು. ಅದನ್ನು ಕಟ್ಟುವ ಕೆಲಸ ನಿಮ್ಮ ಪಾಲಿಗೂ ಇದೆ.

ಈಗ ಬೂದಿಯ ಮಾತು. ಹೋದ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿ ಕೊಟ್ಟ ಗರಿ ನಿಮ್ಮ ಮನೆಯಲ್ಲಿ ಶಿಲುಬೆಯ ಹಿಂದೆಯೋ ದೇವರ ಪಟದ ಮೇಲೆಯೋ ಇರಬೇಕು. ಅದನ್ನು ಫೆಬ್ರವರಿ 15ರ ಭಾನುವಾರ ತನ್ನಿ, ಕಸದ ಬುಟ್ಟಿಗೆ ಹಾಕಬೇಡಿ. ಪೂಜೆಯಾದ ಮೇಲೆ ಹಿತ್ತಲಲ್ಲಿ ಸುಡೋಣ, ನೀವೂ ನಿಲ್ಲಿ. ಗರಿಯನ್ನು ಗೇಣುದ್ದ ಮುರಿದು ದಪ್ಪ ಕಬ್ಬಿಣದ ಬಾಣಲೆಯಲ್ಲಿ ಹಾಕಬೇಕು. ವರ್ಷವಿಡೀ ಒಣಗಿದ ಗರಿ ಭಗ್ಗನೆ ಹತ್ತಿಕೊಳ್ಳುತ್ತದೆ, ಮುಖ ಹಿಂದಿಟ್ಟುಕೊಳ್ಳಿ. ಉರಿ ಆರಿದ ಮೇಲೆ ಕರಕಲು ಉಳಿಯುತ್ತದೆ. ಅದನ್ನು ಆರಲು ಬಿಟ್ಟು, ಕಲ್ಲಿನಿಂದ ನುಣ್ಣಗೆ ಅರೆದು, ಹಳೆಯ ಮಲ್ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಒಂದು ತೆಕ್ಕೆ ಗರಿ ಸುಟ್ಟರೆ ಒಂದು ಹಿಡಿ ಬೂದಿಯೂ ಬರುವುದಿಲ್ಲ. ಬೂದಿ ಹಣೆಗೆ ಅಂಟಲೆಂದು ಕೆಲವು ಹುಡುಗರು ನೀರು ಸುರಿಯಲು ಹೋಗುತ್ತಾರೆ, ಹಾಗೆ ಮಾಡಬೇಡಿ. ಬೂದಿಗೆ ನೀರು ಸೇರಿದರೆ ಕ್ಷಾರವಾಗುತ್ತದೆ, ಎಳೆ ಮಕ್ಕಳ ಹಣೆ ಉರಿಯುತ್ತದೆ. ಒಣಗಿರಲಿ.

ಮುಂದೆ ಗುರುಗಳು ಅದೇ ಬೂದಿಯಿಂದ ಹಣೆಯ ಮೇಲೆ ಶಿಲುಬೆ ಬರೆಯುತ್ತಾ, ನಾವು ಮಣ್ಣಿನಿಂದ ಬಂದವರು, ಮಣ್ಣಿಗೇ ಹೋಗುವವರು ಎಂದು ನೆನಪಿಸುತ್ತಾರೆ. ಇಲ್ಲವೆ, ಮನಸ್ಸು ತಿರುಗಿಸಿ ಶುಭಸಂದೇಶವನ್ನು ನಂಬಿರಿ ಎನ್ನುತ್ತಾರೆ. ಹದಿನೆಂಟು ಇಪ್ಪತ್ತರ ವಯಸ್ಸಿಗೆ ಮಣ್ಣಿನ ಮಾತು ದೂರದ್ದೆನಿಸುತ್ತದೆ. ಆದರೂ ಕಿವಿಗೊಟ್ಟು ಕೇಳಿ. ಅಂದು ಸಾಲಿನಲ್ಲಿ ನಿಮ್ಮ ಮುಂದೆ ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡ ತಾಯಿ ಇರುತ್ತಾಳೆ, ಹಿಂದೆ ಕೋಲೂರಿದ ಮುದುಕ ಇರುತ್ತಾನೆ. ಮೂವರಿಗೂ ಅದೇ ಮಾತು, ಅದೇ ಬಾಣಲೆಯ ಬೂದಿ. ಕೂಡಿ ಬನ್ನಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬೂದಿ ಹಚ್ಚಿಕೊಂಡ ಹಣೆಯ ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕಬೇಡಿ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಕಳಕಳಿಯಿಂದ ಕೇಳಿಕೊಳ್ಳುತ್ತಿದ್ದೇನೆ. ಅಂದು ಓದುವ ಶುಭಸಂದೇಶ ಮತ್ತಾಯನ ಆರನೆಯ ಅಧ್ಯಾಯದ್ದು. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನರಿಗೆ ತೋರಿಸಲು ಮಾಡಬೇಡಿ, ಉಪವಾಸವಿದ್ದಾಗ ಮುಖ ತೊಳೆದುಕೊಂಡು ಲವಲವಿಕೆಯಿಂದಿರಿ ಎಂದು ಯೇಸು ಹೇಳುತ್ತಾರೆ. ಮುಖ ತೊಳೆಯಿರಿ ಎಂಬ ಪಾಠ ಕೇಳಿದ ಕೂಡಲೇ ಹಣೆಗೆ ಬೂದಿ ಬಳಿಸಿಕೊಳ್ಳುವುದು ವಿಚಿತ್ರವಲ್ಲವೇ ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಇಟಲಿಯಲ್ಲಿ ಬೂದಿಯನ್ನು ನೆತ್ತಿಯ ಮೇಲೆ ಉದುರಿಸುವ ರೂಢಿ ಇದೆ, ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಿ ಹಣೆಗೆ ಹಚ್ಚುತ್ತಾರೆ. ನನ್ನ ಮಟ್ಟಿಗೆ ಉತ್ತರ ಹೀಗಿದೆ: ಸಭೆಯಲ್ಲಿ ಬೂದಿ ಹಚ್ಚಿಕೊಂಡಾಗ ನಾವೆಲ್ಲರೂ ತಪ್ಪುಳ್ಳವರೆಂದು ಒಬ್ಬರ ಮುಂದೊಬ್ಬರು ಒಪ್ಪಿಕೊಳ್ಳುತ್ತೇವೆ, ಅಲ್ಲಿ ಮೆರೆಯಲು ಜಾಗವಿಲ್ಲ. ಅದೇ ಬೂದಿ ಫೋಟೋ ಆಗಿ ಹೊರಗೆ ಹೋದರೆ ನಾನೊಬ್ಬಳೇ ಭಕ್ತೆ ಎಂದು ಸಾರಿದಂತಾಗುತ್ತದೆ. ಚರ್ಚಿನಿಂದ ನೇರ ಕೆಲಸಕ್ಕೆ ಹೋಗುವವರು ಹಾಗೇ ಹೋಗಿ, ಯಾರಾದರೂ ಕೇಳಿದರೆ ಸರಳವಾಗಿ ಹೇಳಿ. ನಮ್ಮ ಊರಲ್ಲಿ ಹಣೆಯ ಮೇಲಿನ ಬೂದಿ ಯಾರಿಗೂ ಹೊಸದಲ್ಲ. ಬಸವಣ್ಣ ಹುಟ್ಟಿದ ಜಿಲ್ಲೆ ಇದು, ಪಕ್ಕದ ಮನೆಯ ಅಮ್ಮ ದಿನಾ ಬೆಳಿಗ್ಗೆ ಮೂರು ಬೆರಳಲ್ಲಿ ವಿಭೂತಿ ಧರಿಸುತ್ತಾಳೆ. ಅವಳಿಗೆ ನಿಮ್ಮ ಹಣೆ ನೋಡಿ ಅರ್ಥವಾಗುವಷ್ಟು ದೂರದ ಊರಿನವರಿಗೆ ಅರ್ಥವಾಗಲಿಕ್ಕಿಲ್ಲ.

ತೋರಿಸಿಕೊಳ್ಳದೆ ಬಾಳುವುದೆಂದರೇನು ಎಂದು ಕಲಿಯಲು ಬಹಳ ದೂರ ಹೋಗಬೇಕಾಗಿಲ್ಲ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಊರಿಗೆ ಊರೇ ನೆರೆಯಿತು. ತಮ್ಮ ದೇಹವನ್ನು ದಹಿಸಬೇಕು, ಬೂದಿಯನ್ನು ನೀರಿನಲ್ಲಿ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು 2014ರಲ್ಲೇ ಬರೆದಿಟ್ಟಿದ್ದರು. ನಮ್ಮ ದಾರಿ ಬೇರೆ, ನಮ್ಮ ನಂಬಿಕೆ ಬೇರೆ. ಆದರೂ ವಿಭೂತಿ ಬುಧವಾರ ಮಣ್ಣಿನ ಮಾತು ಕೇಳುವಾಗ ನನಗೆ ಅವರು ನೆನಪಾಗುತ್ತಾರೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಉಪವಾಸಕ್ಕೆ ಬರೋಣ. ನಿಯಮ ಬಹಳ ಸರಳವಿದೆ, ಆರನೆಯ ಪೌಲ್ ಪೋಪರು 1966ರಲ್ಲಿ ಸಡಿಲಿಸಿದ್ದು. ಕಟ್ಟುನಿಟ್ಟಿನ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರ ತನಕ. ಒಂದು ಹೊತ್ತು ಹೊಟ್ಟೆತುಂಬ, ಉಳಿದ ಎರಡು ಹೊತ್ತು ಅಲ್ಪ, ಆ ಎರಡೂ ಸೇರಿ ಒಂದು ಊಟಕ್ಕೆ ಸಮನಾಗಬಾರದು. ಹದಿನಾಲ್ಕು ತುಂಬಿದವರೆಲ್ಲ ಆ ಎರಡು ದಿನ ಮತ್ತು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. ಭಾನುವಾರಗಳು ಲೆಕ್ಕಕ್ಕಿಲ್ಲ, ಅವು ಪುನರುತ್ಥಾನದ ದಿನಗಳು. ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನಗಳಿದ್ದು, ಆರು ಭಾನುವಾರ ಕಳೆದರೆ ನಲವತ್ತು ಉಳಿಯುತ್ತವೆ. ಕಾಯಿಲೆಯವರು, ಬಸುರಿಯರು, ಬಾಣಂತಿಯರು, ಬಿಸಿಲಲ್ಲಿ ಮೈಮುರಿದು ದುಡಿಯುವವರು ಉಪವಾಸ ಆಗಲಿಲ್ಲವೆಂದು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಮಾರ್ಚಿನ ಬಿಸಿಲು ನಮ್ಮಲ್ಲಿ ಹೇಗಿರುತ್ತದೆಂದು ಬಲ್ಲಿರಿ, ನೀರು ಕುಡಿಯಿರಿ, ನೀರಿನಿಂದ ನಮ್ಮ ಉಪವಾಸ ಕೆಡುವುದಿಲ್ಲ.

ಆದರೆ ನಿಯಮ ಪಾಲಿಸಿದ ಮಾತ್ರಕ್ಕೆ ಆಯಿತೇ? ದಿನಾ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಉಣ್ಣುವ, ಹಬ್ಬ ಹುಣ್ಣಿಮೆಗೆ ಮಾತ್ರ ಮಾಂಸ ಕಾಣುವ ಮನೆಗಳು ನಮ್ಮಲ್ಲಿವೆ. ಶುಕ್ರವಾರ ಮಾಂಸ ಬಿಡಿ ಎಂದರೆ ಅವರು ಬಿಡುವುದಾದರೂ ಏನನ್ನು? ಇತ್ತ ವಾರಕ್ಕೆರಡು ಬಾರಿ ಬಿರಿಯಾನಿ ಆರ್ಡರ್ ಮಾಡುವ ನೀವು ಶುಕ್ರವಾರ ಪನೀರ್ ತರಿಸಿ ತಿಂದರೆ ಅದೂ ಉಪವಾಸವೆನಿಸುವುದಿಲ್ಲ. ಬೂದಿ ಹಚ್ಚಿದ ಮೂರನೆಯ ದಿನ, ಶುಕ್ರವಾರದ ಪೂಜೆಯಲ್ಲಿ, ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ. ಅದನ್ನು ಮನೆಯಲ್ಲಿ ಒಮ್ಮೆ ನಿಧಾನವಾಗಿ ಓದಿ. ತಲೆ ಬಗ್ಗಿಸಿ ಬೂದಿಯಲ್ಲಿ ಕೂತವರನ್ನು ದೇವರು ಅಲ್ಲಿ ಮೆಚ್ಚುವುದಿಲ್ಲ, ಹಸಿದವನಿಗೆ ಅನ್ನ ಹಂಚಿದೆಯಾ, ಕೂಲಿಯವನ ನೊಗ ಬಿಚ್ಚಿದೆಯಾ ಎಂದು ಕೇಳುತ್ತಾನೆ. ಆದ್ದರಿಂದ ಬಿಟ್ಟದ್ದರ ಹಣ ಬೇರೆ ಕಡೆ ಹೋಗಬೇಕು. ಮನೆಯಲ್ಲೊಂದು ಡಬ್ಬಿ ಇಡಿ. ತಿನ್ನದ ಬಿರಿಯಾನಿಯ, ಕುಡಿಯದ ಕೂಲ್‌ಡ್ರಿಂಕಿನ, ಹಾಕಿಸದ ರೀಚಾರ್ಜಿನ ದುಡ್ಡು ಅದೇ ದಿನ ಅದರೊಳಗೆ ಬೀಳಲಿ, ತಿಂಗಳ ಕೊನೆಗೆ ಅಂದಾಜು ಲೆಕ್ಕ ಬೇಡ. ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಆಂದೋಲನ ನಡೆಸುತ್ತದೆ, ಒಂದು ಪಾಲು ಅಲ್ಲಿಗೆ ಹೋಗಲಿ. ಇನ್ನೊಂದು ಪಾಲು ನಮ್ಮ ಓಣಿಯಲ್ಲೇ ಔಷಧಿ ಕೊಳ್ಳಲಾರದೆ ಮಲಗಿರುವವರಿಗೆ ಮುಟ್ಟಲಿ. ಹಸಿವು ಈ ನೆಲಕ್ಕೆ ಪರಿಚಯವಿಲ್ಲದ್ದೇನಲ್ಲ. 1876ರಿಂದ 78ರ ಬರದಲ್ಲಿ ಈ ಸೀಮೆ ಹಾಳು ಸುರಿಯಿತು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ ನಮ್ಮದು, ಆ ಹೊಳೆ ಹರಿಯದ ವರ್ಷ ಜನ ಗುಳೆ ಹೋದದ್ದನ್ನೂ ನಾವೇ ಕಂಡಿದ್ದೇವೆ.

ಈ ವರ್ಷ ಇನ್ನೊಂದು ವಿಶೇಷವಿದೆ. ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ನಮ್ಮ ವಿಭೂತಿ ಬುಧವಾರ, ಅದರ ಬೆನ್ನಿಗೇ ರಂಜಾನ್. 2025ರಲ್ಲೂ ಮಾರ್ಚ್ 2ಕ್ಕೆ ರೋಜಾ ಶುರುವಾಗಿ 5ಕ್ಕೆ ನಾವು ಬೂದಿ ಹಚ್ಚಿಕೊಂಡಿದ್ದೆವು. ಒಂದೇ ವಾರದಲ್ಲಿ ಊರಿನ ಮೂರು ಓಣಿಗಳಲ್ಲಿ ಒಲೆ ಸಣ್ಣಗಾಗುತ್ತದೆ. ಹನಿ ನೀರೂ ಮುಟ್ಟದೆ ರೋಜಾ ಇರುವ ಗೆಳೆಯನ ಮುಂದೆ ನಿಮ್ಮ ಉಪವಾಸವನ್ನು ತೂಗಿ ನೋಡಬೇಡಿ, ಅವನದನ್ನೂ ತೂಗಬೇಡಿ. ಇಫ್ತಾರಿಗೆ ಕರೆದರೆ ಹೋಗಿ. ಅದು ಶುಕ್ರವಾರವಾಗಿದ್ದರೆ ಖರ್ಜೂರ, ಹಣ್ಣು ತಿಂದು, ಇವತ್ತು ಮಾಂಸ ಒಲ್ಲೆ ಎಂದು ಹೇಳಿ. ಅವರು ನಿಮ್ಮನ್ನು ಗೌರವಿಸುತ್ತಾರೆ.

ಇನ್ನು ಟಿಕೋಟಾ, ಬಬಲೇಶ್ವರದ ಮಾತು. ನಗರದ ಹುಡುಗರು ಇದನ್ನು ಎರಡು ಸಲ ಓದಿ. ತಪಸ್ಸುಕಾಲ ಬರುವ ಹೊತ್ತಿಗೇ ಟಿಕೋಟಾದ ಸುತ್ತ ದ್ರಾಕ್ಷಿ ಕೊಯ್ಲು ಬಂದಿರುತ್ತದೆ. ಒಣದ್ರಾಕ್ಷಿಯ ಶೆಡ್ಡುಗಳನ್ನು ರಸ್ತೆಯಿಂದ ಕಂಡಿದ್ದೀರಿ, ಒಳಗೆ ಹೋದವರು ಕಡಿಮೆ. ಗೊಂಚಲುಗಳನ್ನು ಕ್ರೇಟಿನ ಸಮೇತ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಕಟ್ಟಿಗೆ ಬೂದಿಯಲ್ಲಿರುವ ಕ್ಷಾರವೇ ಆ ಕಾರ್ಬೊನೇಟ್. ಅದು ಹಣ್ಣಿನ ಮೇಲಿನ ಮೇಣದ ಪೊರೆಯನ್ನು ಸಡಿಲಿಸುತ್ತದೆ, ಒಳಗಿನ ನೀರು ಬೇಗ ಆರುತ್ತದೆ. ಆಮೇಲೆ ಅಂತಸ್ತಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಗೊಂಚಲು ಹರವಿ ಎರಡು ವಾರ ಕಾಯುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋದಷ್ಟು ಒಣದ್ರಾಕ್ಷಿ ಸಿಗುತ್ತದೆ. ದಿನವಿಡೀ ಅದ್ದುವ ಕೆಲಸದಲ್ಲಿದ್ದ ಹೆಂಗಸರ ಬೆರಳ ಸಂದಿ ಬಿಳಚಿ ಬಿರಿದಿರುತ್ತದೆ, ಸಕ್ಕರೆಯ ಅಂಟಿಗೆ ಸೆರಗಿನ ಅಂಚು ಗಟ್ಟಿಯಾಗಿರುತ್ತದೆ. ಕೊಯ್ಲು ಶುರುವಾದ ಮೇಲೆ ನಡುವೆ ರಜೆ ಕೇಳುವ ಹಾಗಿಲ್ಲ. ಬುಧವಾರ ಬೆಳಗಿನ ಪೂಜೆಗೆ ಅವರು ಬರಲಾರರು. ಅದಕ್ಕೇ ಸಂಜೆಯೂ ಬೂದಿ ಇರಬೇಕೆಂದು ನಾವು ಹಿರಿಯರು ಕೇಳಿಕೊಂಡಿದ್ದೇವೆ.

ಟಿಕೋಟಾ ಇಲ್ಲಿಂದ ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿ ಅದಕ್ಕಿಂತ ತುಸು ದೂರ. ಬೈಕಿಗೆ ಎಷ್ಟು ಹೊತ್ತು ಹೇಳಿ? ಗೋಳಗುಮ್ಮಟದ ಮುಂದೆ ಚಹಾ ಕುಡಿಯುತ್ತ ಅದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತೀರಿ. ಆ ಕಡೆ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು ಚದುರಿವೆ. ಒಬ್ಬರು ಶಾಲೆಯಲ್ಲಿ, ಒಬ್ಬರು ಆಸ್ಪತ್ರೆಯಲ್ಲಿ, ಕೆಲವರು ತೋಟದಲ್ಲಿ. ಗುರುಗಳು ಎಲ್ಲ ಕಡೆಗೂ ಎಲ್ಲ ವಾರ ಹೋಗಲಾರರು. ತಪಸ್ಸುಕಾಲದ ಪ್ರತಿ ಶುಕ್ರವಾರ ಸಂಜೆ ನಿಮ್ಮಲ್ಲಿ ನಾಲ್ಕೈದು ಮಂದಿ ಒಂದು ಮನೆಗೆ ಹೋಗಿ ಅವರ ಜೊತೆ ಶಿಲುಬೆಹಾದಿ ಮಾಡಿ ಬನ್ನಿ. ಗುರುಗಳಿಲ್ಲದೆಯೂ ಮಾಡಬಹುದಾದ ಪ್ರಾರ್ಥನೆ ಅದು. ಒಂದು ಶಿಲುಬೆ, ಎರಡು ಮೇಣದಬತ್ತಿ, ಪುಸ್ತಕ, ಇಷ್ಟೇ ಸಾಮಾನು. ಗೋಡೆಗೆ ಹದಿನಾಲ್ಕು ಪಟ ಇರದಿದ್ದರೆ ಅಂಗಳದಲ್ಲಿ ಹದಿನಾಲ್ಕು ಕಡೆ ನಿಂತರಾಯಿತು. ಹೋಗುವಾಗ ತಿಂಡಿ ಕಟ್ಟಿಕೊಂಡು ಹೋಗಬೇಡಿ, ಅವರು ಕೊಟ್ಟದ್ದನ್ನು ಉಣ್ಣಿ. ಬಡವರ ಮನೆಗೆ ಕೊಡುವವರಾಗಿಯೇ ಹೋಗುವ ಅಭ್ಯಾಸ ಒಳ್ಳೆಯದಲ್ಲ.

ಐದನೆಯ ಸ್ಥಳದ ಹತ್ತಿರ ಸ್ವಲ್ಪ ನಿಲ್ಲಿ. ಸಿರೇನಿನ ಸಿಮೋನ ಯಾರ ಶಿಷ್ಯನೂ ಆಗಿರಲಿಲ್ಲ. ಹಳ್ಳಿಯ ಕಡೆಯಿಂದ ಊರೊಳಗೆ ಬರುತ್ತಿದ್ದ ದಾರಿಹೋಕ. ಸಿಪಾಯಿಗಳು ಅವನನ್ನು ಹಿಡಿದು ಶಿಲುಬೆ ಹೊರಿಸಿದರು. ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದ ಹೊತ್ತಿನಲ್ಲಿ ದಾರಿಯಲ್ಲಿ ಸಿಕ್ಕ ಅಪರಿಚಿತನ ಹೆಗಲು ಯೇಸುವಿಗೆ ಒದಗಿತು. ದ್ರಾಕ್ಷಿ ತೋಟದಿಂದ ನೇರ ಬಂದು, ಕೈಕಾಲು ತೊಳೆದು, ನಿಮ್ಮ ಪಕ್ಕ ಮೊಣಕಾಲೂರುವ ಹೆಂಗಸಿಗೆ ಆ ಸ್ಥಳವನ್ನು ಓದಲು ಕೊಡಿ. ಓದು ಬಾರದವಳಾದರೆ ಶಿಲುಬೆ ಹಿಡಿಯಲು ಕೊಡಿ.

ಪಾಪನಿವೇದನೆಯನ್ನು ಪವಿತ್ರ ವಾರಕ್ಕೆ ಮುಂದೂಡಬೇಡಿ, ಆಗ ಸಾಲು ಉದ್ದವಿರುತ್ತದೆ, ಗುರುಗಳೂ ದಣಿದಿರುತ್ತಾರೆ. ಮೊದಲ ಎರಡು ವಾರದಲ್ಲೇ ಮುಗಿಸಿ. ಹೇಳಲು ನಾಚಿಕೆಯಾಗುವುದು ಸಹಜ, ಗುರುಗಳು ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ ಎಂಬುದು ನೆನಪಿರಲಿ. ಅದಕ್ಕೂ ಮೊದಲು ಮನೆಯೊಳಗೆ ಒಂದು ಕೆಲಸವಿದೆ. ಹೊಲದ ಬದುವಿನ ಜಗಳ, ಮದುವೆಯಲ್ಲಿ ಆದ ಅವಮಾನ, ಕೊಟ್ಟು ಮರಳದ ಸಾಲ, ಇಂಥವುಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬೆಂಚುಗಳಲ್ಲೇ ಇದ್ದಾರೆ, ಒಬ್ಬರು ಎಡಗಡೆ ಕೂತರೆ ಇನ್ನೊಬ್ಬರು ಬಲಗಡೆ. ಹಿರಿಯರು ಹಟ ಬಿಡುವುದು ಕಷ್ಟ. ಅವರ ಮಕ್ಕಳಾದ ನೀವು ಪರಸ್ಪರ ಮಾತಾಡಿ. ಪೂಜೆಯಲ್ಲಿ ಸಮಾಧಾನ ಹಂಚಿಕೊಳ್ಳುವಾಗ ಎದ್ದು ಆ ಕಡೆಯ ಬೆಂಚಿಗೆ ಹೋಗಿ ದೊಡ್ಡಪ್ಪನಿಗೆ ಕೈ ಮುಗಿಯಿರಿ. ಒಂದೆರಡು ಮನೆಗಳಲ್ಲಿ ಹೀಗೆಯೇ ಬಾಗಿಲು ತೆರೆದದ್ದನ್ನು ನೋಡಿದ್ದೇನೆ.

ಓದಿಗೋ ಕೆಲಸಕ್ಕೋ ಬೆಂಗಳೂರು, ಪುಣೆ ಸೇರಿದವರಿಗೂ ಒಂದು ಮಾತು. ಹಾಸ್ಟೆಲಿನ ಹತ್ತಿರದ ಚರ್ಚು ಯಾವುದೆಂದು ಇವತ್ತೇ ನೋಡಿಕೊಳ್ಳಿ. ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಎದ್ದು ಬರಬೇಡಿ, ಯಾರಿಗಾದರೂ ಹೆಸರು ಹೇಳಿ, ವಿಜಯಪುರದವರೆಂದು ಹೇಳಿ, ಶಿಲುಬೆಹಾದಿಯಲ್ಲಿ ಒಂದು ಸ್ಥಳ ಓದಲು ಕೇಳಿ. ಮಾರ್ಚ್ 29ರ ಗರಿಗಳ ಭಾನುವಾರಕ್ಕೆ ಊರಿಗೆ ಬರಲಾದರೆ ಪವಿತ್ರ ವಾರ ಪೂರ್ತಿ ಇರುವಂತೆ ರಜೆ ಹೊಂದಿಸಿಕೊಳ್ಳಿ. ಗಾಯನವೃಂದಕ್ಕೆ ದನಿ ಬೇಕಾಗಿದೆ. ಈ ನಲವತ್ತು ದಿನ ಅಲ್ಲೆಲೂಯ ಇಲ್ಲ, ಭಾನುವಾರಗಳಲ್ಲಿ ಮಹಿಮಾಗೀತೆಯೂ ಇಲ್ಲ. ಏಪ್ರಿಲ್ 4ರ ರಾತ್ರಿ ಪಾಸ್ಖ ಜಾಗರಣೆಯಲ್ಲಿ ಅವೆರಡೂ ಮರಳಿದಾಗ ಕ್ಷೀಣ ದನಿಯಲ್ಲಿ ಹಾಡುವುದು ನನಗೆ ಸೇರುವುದಿಲ್ಲ.

ಕೊನೆಗೆ, ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿ. ಪಾಲನಾ ಸಮಿತಿಯವರ ಪಾದಗಳನ್ನೇ ಪ್ರತಿ ವರ್ಷ ತೊಳೆದರೆ ಚೆನ್ನಾಗಿರುವುದಿಲ್ಲ. 2016ರ ಜನವರಿಯಿಂದ ಹೆಂಗಸರನ್ನೂ ಆರಿಸಬಹುದೆಂದು ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದರು. ಈ ಸಲ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ಅರ್ಧದಷ್ಟಾದರೂ ಟಿಕೋಟಾ, ಬಬಲೇಶ್ವರ ಕಡೆಯ ದುಡಿಯುವವರಾಗಿರಲಿ ಎಂದು ಗುರುಗಳಿಗೆ ಕೇಳೋಣ. ಶುಕ್ರವಾರಗಳಂದು ಅವರ ಮನೆಗೆ ಹೋಗಿ ಬರುವ ನಿಮಗೇ ಯಾರ್ಯಾರೆಂದು ಚೆನ್ನಾಗಿ ಗೊತ್ತಿರುತ್ತದೆ. ಅವರ ಒಪ್ಪಿಗೆ ಕೇಳಿ, ಹೆಸರುಗಳನ್ನು ಮಾರ್ಚ್ 8ರ ಭಾನುವಾರದ ಪೂಜೆ ಮುಗಿದ ಮೇಲೆ ನನ್ನ ಕೈಗೆ ಕೊಡಿ. ಪವಿತ್ರ ಗುರುವಾರ ಸಂಜೆ ಅವರನ್ನು ಕರೆತಂದು ರಾತ್ರಿ ಮನೆ ಮುಟ್ಟಿಸಲು ಯಾರ ಗಾಡಿ ಹೋಗುತ್ತದೆ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದಿರಿ.